ಹೊಗೆಸೊಪ್ಪು, ಅವರೆಕಾಯಿ ಮತ್ತು ನನ್ನ ಪಿಎಚ್.ಡಿ.

ವಿಶ್ವವಿದ್ಯಾನಿಲಯವೂ ಊರೂ ಎದುರುಬದುರಾದಾಗಲೆಲ್ಲ ಇಬ್ಬರಲ್ಲಿ ಒಬ್ಬರು ನಗೆಪಾಟಲಾಗಲೇಬೇಕು. ನಡುವೆ ನಿಂತ ನಾನಂತೂ ಪ್ರತಿ ಸಲವೂ ಆಗಿದ್ದೇನೆ. ನನ್ನ ಸಂಶೋಧನೆಯ ವಿಷಯ, ಹೊಗೆಸೊಪ್ಪು ಕಟ್ಟುವ ಹೆಂಗಸರು ಕೆಲಸದ ನಡುವೆ ಆಡುವ ಮಾತು. ಡಾಕ್ಟರೇಟ್ ಬಂದರೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ. ಬರದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ಮಣ್ಣುಪಾಲು.

ರೆಕಾರ್ಡರು

ನಾನು ಕೆ.ಆರ್. ನಗರದ ಕಡೆಯ ಭತ್ತದ ಸೀಮೆಯವಳು. ಹೊಗೆಸೊಪ್ಪಿನ ಗಂಧಗಾಳಿ ಗೊತ್ತಿರಲಿಲ್ಲ. ದೊಡ್ಡವ್ವನನ್ನು ಕಂಪಲಾಪುರದ ಹತ್ತಿರ ಕೊಟ್ಟಿದ್ದರಿಂದ, ಸೊಪ್ಪು ಹದ ಮಾಡುವ ಅವಳ ಬ್ಯಾರನ್ ಮನೆಯೇ ನನ್ನ ಪ್ರಯೋಗಶಾಲೆಯಾಯಿತು. ಅದರ ಮುಂದೆ ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ನಾನು ರೆಕಾರ್ಡರ್ ಹಿಡಿದು ಎದುರು ಕೂತೆ. ಎಲ್ಲ ಗಪ್‌ಚಿಪ್.

"ಏನಾದ್ರೂ ಮಾತಾಡಿ ದೊಡ್ಡವ್ವ."

"ಸುಮ್ನೆ ಕುಂತೋರ್ ಮುಂದೆ ಏನ್ ಮಾತಾಡನವ್ವ? ನೀನೂ ಒಂದ್ ಕಡ್ಡಿ ತಕಾ."

ತೆಗೆದುಕೊಂಡೆ. ಎಲ್ಲರ ಬಾಯಿಯೂ ಬಿಚ್ಚಿತು. ಹಾಸ್ಟೆಲಿಗೆ ಬಂದು ಕೇಳಿದರೆ ಅಷ್ಟೂ ನನಗೇ ಬೈಗುಳ. "ಎಲೆ ಹರೀತಾವ್ಳೆ ಕಣ್ರವ್ವ!" "ಮೈಸೂರಲ್ಲಿ ಇವ್ಳಿಗೆ ಅದೇನ್ ಕಲ್ಸವ್ರೋ!" ವಿಭಾಗದ ಸೆಮಿನಾರಿನಲ್ಲಿ ಅದನ್ನೇ ಕೇಳಿಸಿದೆ. ಅಧ್ಯಕ್ಷತೆ ವಹಿಸಿದ್ದವರು ಗಂಭೀರವಾಗಿ ಹೇಳಿದರು: "ಆಕರ ಸಮೃದ್ಧವಾಗಿದೆ. ಆದರೆ ಸಂಶೋಧನೆ ನಡೆದಿರುವುದು ಸಂಶೋಧಕಿಯ ಮೇಲೆ."

ಗೈಡು ಬಂದರು

ನನ್ನ ಗೈಡು ಒಮ್ಮೆ ತಾವೇ ಊರಿಗೆ ಬಂದರು. ದೊಡ್ಡವ್ವ ಕುರ್ಚಿ ಹಾಕಿ ಕಾಫಿ ಕೊಟ್ಟಳು. "ಸಂಕೋಚ ಬೇಡ, ಸಹಜವಾಗಿ ಮಾತಾಡಿ" ಎಂದರು ಗೈಡು.

"ಏನ್ ಮಾತಾಡ್ಬೇಕು ಅಂತ ನೀವೇ ಯೋಳ್ಬುಡಿ ಸಾ."

ಅವರು ಹೇಳತೊಡಗಿದರು. ಮಾತಿನ ಮಹತ್ವ, ಮೌನದ ಮಹತ್ವ, ತಮ್ಮ ಬಾಲ್ಯ, ತಮ್ಮ ಮೊಣಕಾಲು ನೋವು. ಹೆಂಗಸರು ಎಲೆ ಕಟ್ಟುತ್ತಾ ಕೇಳಿದರು. ಅವರ ಕಾರು ಮರೆಯಾದ ಮೇಲೆ ದೊಡ್ಡವ್ವ ನಿಟ್ಟುಸಿರುಬಿಟ್ಟಳು. "ಪಾಪ, ಮನೇಲಿ ಯಾರೂ ಮಾತಾಡ್ಸಾಕಿಲ್ವೇನೋ."

ರೆಕಾರ್ಡರ್ ಓಡುತ್ತಲೇ ಇತ್ತು. ಮರುದಿನ ಅದನ್ನು ಕೇಳಿದ ಗೈಡು ದೊಡ್ಡವ್ವನ ಆ ಮಾತನ್ನು ಇನ್ನೊಮ್ಮೆ ಹಾಕಿಸಿದರು. ನನಗೆ ನಿಜಕ್ಕೂ ಸಂಕಟವಾಯಿತು. ಕೊನೆಗೆ ಮೆಲ್ಲಗೆ ಅಂದರು: "ಸರಿಯಾಗೇ ಹೇಳಿದ್ದಾರೆ. ಪ್ರಬಂಧದಲ್ಲಿ ಮಾತ್ರ ಹಾಕಬೇಡಿ."

ಹಿಂದಿನ ಸಾಲು

ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ದೊಡ್ಡವ್ವ ತನ್ನ ತಂಡವನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದಳು. ಜೊತೆಗೆ ಗೈಡಿನ ಮನೆಗೆಂದು ಒಂದು ಚೀಲ ಅವರೆಕಾಯಿ. ಉಸಿರೆತ್ತಬಾರದೆಂದು ಕೈಮುಗಿದು ಹೇಳಿ ಎಲ್ಲರನ್ನೂ ಹಿಂದಿನ ಸಾಲಿನಲ್ಲಿ ಕೂರಿಸಿದೆ.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ಜೊತೆಗೆ ಕೂತು ಕೈಗೆ ಕೆಲಸ ಹಿಡಿದರೆ ಯಾರಾದರೂ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅಂತ ಬರೆದಿದ್ದೀರಿ. ಹೇಗೆ ನಂಬೋದು? ಆಧಾರ ಏನು?"

ಏನೇ ಹೇಳಿದರೂ ಅವರು ಅಡ್ಡಡ್ಡ ತಲೆಯಾಡಿಸಿದರು. ಪ್ರಬಂಧ ತಿದ್ದಿ ಮತ್ತೆ ತನ್ನಿ ಅಂದುಬಿಟ್ಟರೆ? ನನಗೆ ಅಳುವೇ ಬಂತು. ಆಗ ಹಿಂದಿನಿಂದ ಚಟಚಟ ಸದ್ದು. ಸುಮ್ಮನೆ ಕೂರಲಾರದೆ ದೊಡ್ಡವ್ವನ ತಂಡದವರು ಚೀಲ ಬಿಚ್ಚಿ ಅವರೆಕಾಯಿ ಬಿಡಿಸುತ್ತಿದ್ದರು. ಹಿಂದೆಯೇ ಮಾತು.

"ಆ ಕನ್ನಡಕದಯ್ಯ ಯಾಕೆ ನಮ್ ಮಗೀನ್ ಮೇಲೆ ಅಂಗೆ ಎಗರಾಡ್ತಾನೆ?"

"ಎಂಡ್ತಿ ಸರ್ಯಾಗಿ ಇಟ್ಟು ಇಕ್ಕಿಲ್ಲ ಕಣ್ ಬುಡು."

"ಎಂಡ್ತಿ ಅಲ್ಲ ಕಣೇ," ದೊಡ್ಡವ್ವನ ತೀರ್ಪು. "ಅತ್ತೆ ಬಂದು ಠಿಕಾಣಿ ಊಡವ್ಳೆ. ಮಕ ನೋಡುದ್ರೆ ಗೊತ್ತಾಗಾಕಿಲ್ವ?"

ಗೈಡು ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಕನ್ನಡಕ ತೆಗೆದು, ಎದ್ದು, ಹಿಂದಿನ ಸಾಲಿಗೆ ನಡೆದರು. ನನ್ನ ಕತೆ ಮುಗಿಯಿತು ಅಂದುಕೊಂಡೆ.

"ನಮ್ಮತ್ತೆ ಬಂದಿರೋದು ನಿಮಗೆ ಹೇಗೆ ಗೊತ್ತಾಯ್ತಮ್ಮ?"

ದೊಡ್ಡವ್ವ ಸೆರಗಿನಲ್ಲಿ ಪಕ್ಕದ ಕುರ್ಚಿ ಒರೆಸಿ, ಅವರ ಕೈಗೆ ಒಂದು ಹಿಡಿ ಕಾಯಿ ಹಾಕಿದಳು. "ಸುಮ್ನೆ ನಿಂತೋರ್ಗೆ ಏನ್ ಯೋಳನ ಸಾ? ಕುಂತ್ಕಂಡು ಎಲ್ಡು ಕಾಯಿ ಬುಡ್ಸಿ."

ಕೂತರು. ಎರಡನೇ ಕಾಯಿಯ ಹೊತ್ತಿಗೆ "ಹಬ್ಬಕ್ಕೆ ಅಂತ ಬಂದ್ರು ಕಣಮ್ಮ, ಹೋಗೋ ಮಾತೇ ಎತ್ತುತ್ತಿಲ್ಲ..." ಎಂದು ಶುರು ಮಾಡಿದರು. ನನ್ನ ಪ್ರಬಂಧಕ್ಕೆ ಇನ್ನು ಬೇರೆ ಆಧಾರ ಬೇಕಾಗಲಿಲ್ಲ. ಆದರೆ ಡಾಕ್ಟರೇಟ್ ಘೋಷಿಸಬೇಕಾದವರು ಅವರೇ ಆದ್ದರಿಂದ, ಚೀಲ ಖಾಲಿಯಾಗುವವರೆಗೂ ನಾವೆಲ್ಲ ಕಾಯಬೇಕಾಯಿತು.