ಸಂತ್ರಸ್ತೆ ಸಂಖ್ಯೆ ಏಳು

ಕೇಳಿಸಿಕೊಳ್ಳುವುದರಲ್ಲಿ ಹಿರಿಯೂರಿನ ಎತ್ತಪ್ಪನನ್ನು ಮೀರಿಸುವವರು ಚಿತ್ರದುರ್ಗ ಜಿಲ್ಲೆಯಲ್ಲೇ ಇಲ್ಲವಂತೆ. ಹಾಗೆಂದು ಜಿಲ್ಲೆಯ ಹವ್ಯಾಸಿ ರೇಡಿಯೋ ಬಳಗದವರು ಹೇಳುತ್ತಾರೆ. ಒಪ್ಪದಿರುವುದು ಒಂದೇ ಒಂದು ಮನೆ. ಅವನ ಗ್ರಹಚಾರಕ್ಕೆ ಅದು ಅವನದೇ ಮನೆ.

ಎತ್ತಪ್ಪ ಮೂವತ್ತೊಂದು ವರ್ಷ ದೂರವಾಣಿ ಇಲಾಖೆಯ ಕಂಬ ಹತ್ತಿ ಇಳಿದು, ಊರವರ ಮಾತನ್ನು ಊರವರಿಗೆ ಮುಟ್ಟಿಸಿ, ಕೊನೆಗೆ ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದವನು. ಮನೆಯಲ್ಲಿ ಕೂತ ಗಂಡಸು ಒಗ್ಗರಣೆಗೆ ಸಾಸಿವೆ ಜಾಸ್ತಿಯಾಯಿತು ಎನ್ನುವ ಮಟ್ಟಕ್ಕೆ ಇಳಿಯುವ ಮುಂಚೆಯೇ ಅವನಿಗೆ ಈ ರೇಡಿಯೋ ಸಿಕ್ಕಿತು. ಪರೀಕ್ಷೆ ಬರೆದ, ಪಾಸಾದ, ಲೈಸೆನ್ಸೂ ಬಂತು. ಮಾಳಿಗೆಯ ಮೇಲೆ ಹೆಂಡತಿ ಮಮತಾ ಸಂಡಿಗೆ ಒಣಗಿಸುತ್ತಿದ್ದ ಜಾಗದಲ್ಲಿ ಆಂಟೆನಾ ಎದ್ದು ನಿಂತಿತು. ನೆರೆ ಬಂದು ಮೊಬೈಲ್ ಟವರುಗಳೆಲ್ಲ ಮಕಾಡೆ ಮಲಗಿದ ದಿನ ಜಿಲ್ಲೆಯನ್ನು ಕಾಪಾಡುವವರು ತಾವೇ ಎಂದು ಅವನ ನಂಬಿಕೆ. (ನಮ್ಮ ಸೀಮೆಗೆ ನೆರೆ ಎಲ್ಲಿಂದ ಬರಬೇಕು ಎಂದು ಅವನನ್ನು ಮಾತ್ರ ಕೇಳಬೇಡಿ. ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದದ್ದನ್ನು ಮೊದಲಿನಿಂದ ಹೇಳತೊಡಗುತ್ತಾನೆ, ನಿಮ್ಮ ಬಸ್ಸು ತಪ್ಪುತ್ತದೆ.)

ಈ ಬಳಗದಲ್ಲಿ ಒಂದು ಪದ್ಧತಿ ಇದೆ. ಆ ಕಡೆಯವರು ಹೇಳಿದ್ದನ್ನು ಈ ಕಡೆಯವರು ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ಒಪ್ಪಿಸಿದರೆ ಮಾತ್ರ ಕೇಳಿಸಿತು ಎಂದು ಲೆಕ್ಕ. ಹೊಳಲ್ಕೆರೆಯ ದರ್ಜಿ ಜಹಾಂಗೀರ್ ಅಲ್ಲಿಂದ "ಇಲ್ಲಿ ಮೋಡ ಐತೆ" ಅಂದರೂ ಸಾಕು, ಎತ್ತಪ್ಪ ಇಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು "ಹೊಳಲ್ಕೆರೆಯಲ್ಲಿ ಮೋಡ ಐತೆ" ಎಂದು ಒಪ್ಪಿಸುತ್ತಿದ್ದ. ಕಟ್ಟಿಕೊಂಡ ಹೆಂಡತಿಯ ಮಾತಿಗೆ ಮಾತ್ರ ಬರೀ "ಹೂಂ". ಅದೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೆನ್ನು ತಿರುಗಿಸಿ.

"ರೀ, ಬಲಗಣ್ಣಿಗೆ ಪೊರೆ ಬಂದೈತಂತೆ. ಬುಧವಾರ ದುರ್ಗದಾಗೆ ಆಪರೇಷನ್ನು. ಜೊತೆಗೆ ಒಬ್ರು ಇರ್ಬೇಕಂತೆ."

"ಹೂಂ."

"ಬುಧವಾರ. ಕೇಳುಸ್ತೇನ್ರಿ?"

ಎತ್ತಪ್ಪ ಹೆಬ್ಬೆರಳು ಎತ್ತಿ ತೋರಿಸಿದ. ಮೂರು ದಿನ ಮೂರು ಸಲ ಹೇಳಿದಳು, ಮೂರು ಸಲವೂ ಹೆಬ್ಬೆರಳು ಎದ್ದಿತು. ಬುಧವಾರ ಬೆಳಿಗ್ಗೆ ಅವಳು ಸೀರೆ ಉಟ್ಟು ಚೀಲ ಹಿಡಿದು ಬಾಗಿಲಿಗೆ ಬಂದರೆ ಗಂಡನೇ ಇಲ್ಲ. ಹೊಸ ಆಂಟೆನಾ ಎಷ್ಟು ದೂರ ಮುಟ್ಟುತ್ತದೆ ಎಂದು ನೋಡಲು ಜೋಗಿಮಟ್ಟಿ ಗುಡ್ಡ ಹತ್ತಿದ್ದ. ಅಲ್ಲಿಂದ ಹೊಸದುರ್ಗ ಬಲು ಸ್ಪಷ್ಟವಾಗಿ ಕೇಳಿಸಿತಂತೆ. ಅದೇ ಗುಡ್ಡದ ಕೆಳಗೆ, ದುರ್ಗದ ಕಣ್ಣಾಸ್ಪತ್ರೆಯಲ್ಲಿ, ಮಮತಾಳ ಕೈ ಹಿಡಿದು ಕೂತಿದ್ದವಳು ಪಕ್ಕದ ಮನೆಯ ಮೆಹರುನ್ನೀಸಾ.

ಸಂಜೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಹೆಂಡತಿಯನ್ನು ಕಂಡಾಗಲೇ ಅವನಿಗೆ ಬುಧವಾರ ಎಂದರೆ ಏನೆಂದು ಹೊಳೆದದ್ದು.

"ಎತ್ತಪ್ಪಣ್ಣ, ಹುಷಾರಾಗಿ ತಂದು ಒಪ್ಸಿದೀನಿ, ಇನ್ನಾದ್ರೂ ನೋಡ್ಕಳ್ರಿ," ಎಂದು ಮೆಹರುನ್ನೀಸಾ ಅವನ ಮುಖ ನೋಡದೆ ಹೊರಟುಹೋದಳು. ಮಮತಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ನಾಲ್ಕನೇ ದಿನ ಹೊಳಲ್ಕೆರೆಗೆ, ತನ್ನ ಅಕ್ಕ ದೊಡ್ಡಕ್ಕನ ಮನೆಗೆ ಹೊರಟು ನಿಂತಳು. "ಅಲ್ಲಿ ಕೂಗಿದ್ರೆ ಓಗೊಡೋರು ಅವ್ರೆ," ಅಂದಳು, ಅಷ್ಟೇ.

ತಿಂಗಳಾಯಿತು. ಮನೆ ಬಿಕೋ ಅನ್ನುತ್ತಿತ್ತು. ಎತ್ತಪ್ಪ ಮಾಡಿದ ಅನ್ನ ಒಂದು ದಿನ ಗಂಜಿಯಾದರೆ ಇನ್ನೊಂದು ದಿನ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಫೋನ್ ಮಾಡಿದಾಗಲೆಲ್ಲ ದೊಡ್ಡಕ್ಕನೇ ಎತ್ತಿ "ಸ್ನಾನಕ್ಕೆ ಹೋಗವ್ಳೆ" ಅನ್ನುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವಷ್ಟು ನೀರು ಹೊಳಲ್ಕೆರೆಯಲ್ಲಿ ಎಲ್ಲಿದೆ ಎಂದು ಅವನಿಗೆ ಅರ್ಥವಾಗಲಿಲ್ಲ. (ಆಯಿತು, ನುಂಗಿಕೊಂಡ.) ಅವಳು ತಿರುಗಿ ಬರುತ್ತಾಳೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಆ ಕೊರೆತ ತಡೆಯಲಾರದೆ ಹೆಡ್‌ಫೋನನ್ನು ಇನ್ನಷ್ಟು ಬಿಗಿಯಾಗಿ ಹಾಕಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಭಾನುವಾರಕ್ಕೆ ಜಿಲ್ಲಾ ಮಟ್ಟದ ವಿಪತ್ತು ತಾಲೀಮು ಗೊತ್ತಾಯಿತು. ವೇದಾವತಿ ಉಕ್ಕಿದೆ, ಸೇತುವೆ ಮುಳುಗಿದೆ, ಕರೆಂಟಿಲ್ಲ, ಮೊಬೈಲಿಲ್ಲ ಎಂದು ಎಲ್ಲರೂ ಕಲ್ಪಿಸಿಕೊಳ್ಳಬೇಕು. ದುರ್ಗದಲ್ಲಿ ಕಂಟ್ರೋಲ್, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಒಂದೊಂದು ಸ್ಟೇಷನ್, ಜನ ಬಂದು ಕೇಳಲು ಶಾಮಿಯಾನ, ಲೌಡ್‌ಸ್ಪೀಕರ್. ಪ್ರತಿ ಸ್ಟೇಷನ್ನಿಗೂ ಮುಚ್ಚಿದ ಲಕೋಟೆಯಲ್ಲಿ ಆರು ಸುಳ್ಳು ಸಂದೇಶ. ಸುಳ್ಳು ಸಂದೇಶವನ್ನು ಓದುವಾಗ ಮೊದಲು "ತಾಲೀಮು, ತಾಲೀಮು, ತಾಲೀಮು" ಅನ್ನಲೇಬೇಕು. ಬಂದ ಜನ ನಿಜವಾದ ಸಂದೇಶ ಕೊಟ್ಟರೆ ಅದನ್ನೂ ಕಳಿಸಬೇಕು, ಆದರೆ ಅದಕ್ಕೆ ಆ ಪದ ಸೇರಿಸಬಾರದು. ಮನೆ ಗುಟ್ಟು ಗಾಳಿಯಲ್ಲಿ ಹೋಗಬಾರದೆಂದು ಯಾರ ಹೆಸರನ್ನೂ ಹೇಳುವಂತಿಲ್ಲ. ಫಾರಂನಲ್ಲಿ ಎಲ್ಲರೂ ಸಂತ್ರಸ್ತರು, ಎಲ್ಲರಿಗೂ ಒಂದೊಂದು ಸಂಖ್ಯೆ. ಈ ನಿಯಮಾವಳಿಯನ್ನು ಕೂತು ಟೈಪ್ ಮಾಡಿ ನಾಲ್ಕೂ ಊರಿಗೆ ಹಂಚಿದ ಮಹಾನುಭಾವ ಬೇರೆ ಯಾರೂ ಅಲ್ಲ, ಎತ್ತಪ್ಪನೇ.

ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಇಲ್ಲದ ಅಂಗಿಯ ಮೇಲೆ ಬಳಗದ ಜಾಕೆಟ್ ಹಾಕಿಕೊಂಡು ಸ್ಟೇಷನ್ನಿನಲ್ಲಿ ಕೂತ. ತಿಂಗಳಿಂದ ಯಾರೂ ಮಾತಾಡಿಸದ ಮನುಷ್ಯನನ್ನು ಮೂರು ತಾಲ್ಲೂಕು ಒಟ್ಟಿಗೆ ಕೂಗತೊಡಗಿದವು. ಹೊಸದುರ್ಗದ ಬಾಣಂತಿ, ಯಲ್ಲದಕೆರೆಯ ಮುರಿದ ಕಾಲು, ಜವನಗೊಂಡನಹಳ್ಳಿಯ ಸಿಕ್ಕಿಬಿದ್ದ ದನ, ಎಲ್ಲ ಸುಳ್ಳು, ಎಲ್ಲಕ್ಕೂ ತಾಲೀಮು. ಎತ್ತಪ್ಪ ಒಂದಕ್ಷರ ಬಿಡದೆ ಒಪ್ಪಿಸಿದ. ಮಧ್ಯಾಹ್ನದ ಹೊತ್ತಿಗೆ ಜಹಾಂಗೀರನ ದನಿ ಬಂತು.

"ಹಿರಿಯೂರು, ಇದು ಹೊಳಲ್ಕೆರೆ. ಸಂತ್ರಸ್ತೆ ಸಂಖ್ಯೆ ಏಳು. ಹಿರಿಯೂರು ಸ್ಟೇಷನ್ನಿನವರಿಗೆ ಸಂದೇಶ. ಗುರುವಾರ ಒಂಬತ್ತು ಗಂಟೆಗೆ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಒಬ್ಬರು ಬೇಕು. ಬರುತ್ತೀರೋ ಇಲ್ಲವೋ, ಒಂದೇ ಮಾತಿನಲ್ಲಿ ತಿಳಿಸಿ."

ಎತ್ತಪ್ಪನ ಹುಬ್ಬು ಗಂಟಾಯಿತು. 'ತಾಲೀಮು' ಎಲ್ಲಿ? ಮೂರು ಸಲ ಹೇಳಬೇಕಾದ್ದನ್ನು ಒಂದು ಸಲವೂ ಹೇಳಲಿಲ್ಲವಲ್ಲ! ಇಂಥ ಶಿಸ್ತಿನಿಂದ ಜಿಲ್ಲೆ ಉಳಿದ ಹಾಗೇ ಇದೆ ಎಂದುಕೊಂಡು, ಸಂದೇಶವನ್ನು ತಿರುಗಿ ಒಪ್ಪಿಸುವಾಗ ತಾನೇ "ತಾಲೀಮು, ತಾಲೀಮು, ತಾಲೀಮು" ಎಂದು ಗಟ್ಟಿಯಾಗಿ ಸೇರಿಸಿದ. ಲಾಗ್ ಪುಸ್ತಕದ ಷರಾ ಕಲಂನಲ್ಲಿ 'ಹೊಳಲ್ಕೆರೆ: ಪದ ಬಿಟ್ಟಿದೆ, ಎಚ್ಚರಿಕೆ ಕೊಡುವುದು' ಎಂದು ಬರೆದ. ಜಹಾಂಗೀರ್ "ಎತ್ತಪ್ಪಣ್ಣ, ಅದು..." ಎಂದು ಬಾಯಿ ತೆರೆಯುವಷ್ಟರಲ್ಲಿ ಇವನು ಗುಂಡಿ ಒತ್ತಿ ಉತ್ತರ ಕೊಟ್ಟಾಗಿತ್ತು.

"ಇದು ಹಿರಿಯೂರು. ಉತ್ತರ: ಇಲ್ಲ. ಸೇತುವೆ ಮುಳುಗಿದೆ, ಇಲ್ಲಿಂದ ಯಾರೂ ಬರುವಂತಿಲ್ಲ. ಸಂತ್ರಸ್ತೆ ಅಲ್ಲೇ ಬೇರೆಯವರನ್ನು ನೋಡಿಕೊಳ್ಳಲಿ. ಮುಗಿಯಿತು."

ದುರ್ಗದ ಕಂಟ್ರೋಲಿನಲ್ಲಿ ಕೂತಿದ್ದ ಪ್ರಭು ಸುಮ್ಮನಿರಬೇಕಲ್ಲ! "ಭೇಷ್ ಹಿರಿಯೂರು! ಎಲ್ಲ ಸ್ಟೇಷನ್ನಿನವರೂ ಕೇಳ್ರಿ, ಉತ್ತರ ಅಂದ್ರೆ ಹಿಂಗಿರ್ಬೇಕು," ಎಂದು ಗಾಳಿಯಲ್ಲೇ ಬೆನ್ನು ತಟ್ಟಿದ. ಎತ್ತಪ್ಪನ ಎದೆ ತಿಂಗಳ ಮೇಲೆ ಮೊದಲ ಸಲ ಉಬ್ಬಿತು. ಮಮತಾ ಇದನ್ನು ಕೇಳಬೇಕಿತ್ತು ಎಂದುಕೊಂಡ.

ಸಂಜೆ ತಾಲೀಮು ಮುಗಿದ ಮೇಲೆ ಲಾಗ್ ಪುಸ್ತಕ ತಾಳೆ ನೋಡಲು ಜಹಾಂಗೀರನಿಗೆ ಫೋನ್ ಮಾಡಿದ. ಒಂದರಿಂದ ಆರು ಸರಿಹೋಯಿತು.

"ಏಳು ಲಕೋಟೆದಲ್ಲ ಎತ್ತಪ್ಪಣ್ಣ, ನಿಜದ್ದು. ಅದಕ್ಕೇ ನಾನು ತಾಲೀಮು ಅನ್ಲಿಲ್ಲ. ಒಬ್ಬಮ್ಮ ಅವ್ರ ಅಕ್ಕನ ಜೊತೆ ನಮ್ಮ ಶಾಮಿಯಾನಕ್ಕೆ ಬಂದು ಬರೆಸಿದ್ರು. ಫಾರಂನಾಗೆ ಹೆಸರು ಮಮತಾ ಅಂತ ಐತೆ. ಊರು ಹಿರಿಯೂರೇ. ನಿಮಗೆ ಗೊತ್ತಿರೋರಾ?"

ಎತ್ತಪ್ಪ ತಾನೇ ಬರೆದ ಷರಾದ ಮೇಲೆ ಬೆರಳಿಟ್ಟ.

"ಉತ್ತರ... ಮುಟ್ಟಿಸಿದ್ರಾ ಜಹಾಂಗೀರ್ ಸಾಬ್ರೆ?"

"ಮುಟ್ಟಿಸೋದೇನು ಬಂತು, ಲೌಡ್‌ಸ್ಪೀಕರ್ ಇತ್ತಲ್ಲ, ಎಲ್ಲಾರೂ ಕೇಳಿದ್ರು. ಆದ್ರೂ ನಿಮ್ಮ ನಿಯಮ ಬಿಡಂಗಿಲ್ವಲ್ಲ, ಚೀಟೀಲಿ ಬರೆದು ಕೊಟ್ಟು ಸೈನ್ ತಗಂಡೆ. ಪಾಪ, ಚೀಟಿ ಮಡಚಿ ಚೀಲಕ್ಕೆ ಹಾಕ್ಕಂಡು ಹೋದ್ರು ಆಯಮ್ಮ."

ಸೋಮವಾರ ಮೊದಲ ಬಸ್ಸಿಗೇ ಎತ್ತಪ್ಪ ಹೊಳಲ್ಕೆರೆಗೆ ಓಡಿದ. ದೊಡ್ಡಕ್ಕ "ಬಾರಪ್ಪ, ಕುಂತ್ಕ" ಎಂದು ನೀರು ಕೊಟ್ಟಳು. ಕ್ಯಾಲೆಂಡರಿನ ಮೊಳೆಗೆ ಆ ಚೀಟಿ ಸಿಕ್ಕಿಸಿತ್ತು. ದರ್ಜಿಯ ಅಕ್ಷರ, ಹೊಲಿಗೆ ಹಾಕಿದಷ್ಟು ಅಚ್ಚುಕಟ್ಟು: 'ಇಲ್ಲ. ಬೇರೆಯವರನ್ನು ನೋಡಿಕೊಳ್ಳಲಿ.'

"ಸುಳ್ಳು ಸಂದೇಶ ಅಂದ್ಕಂಡೆ ಕಣಕ್ಕ! ದೇವ್ರಾಣೆಗೂ ಇವಳ್ದು ಅಂತ ಗೊತ್ತಾಗ್ಲಿಲ್ಲ."

ಅಡುಗೆಮನೆಯ ಬಾಗಿಲ ಹಿಂದಿನಿಂದ ಮಮತಾಳ ದನಿ ಬಂತು. "ಅಕ್ಕ, ನಂಗೆ ಕಣ್ಣು ಕಾಣಲ್ಲ ಅಂತ ಮೂರು ದಿನ ಬಡ್ಕಂಡಿದ್ದೂ ಸುಳ್ಳು ಅಂದ್ಕಂಡಿದ್ರಾ ಕೇಳು."

ಮೂರು ಮಾರು ದೂರದಲ್ಲಿ ಕೂತಿದ್ದವನಿಗೆ ಅದು ಚೆನ್ನಾಗಿಯೇ ಕೇಳಿಸಿತ್ತು. ಆದರೂ ದೊಡ್ಡಕ್ಕ ಅವನ ಕಡೆ ತಿರುಗಿ ಅಕ್ಷರ ಬಿಡದೆ ಒಪ್ಪಿಸಿದಳು. ಎತ್ತಪ್ಪ ತಲೆ ತಗ್ಗಿಸಿದ. ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು.

"ಗುರುವಾರ ನಾನು ಬಂದೇ ಬರ್ತೀನಿ ಅನ್ನಕ್ಕ."

"ಎಡಗಣ್ಣಿನ ಆಪರೇಷನ್ನಿಗೂ ಮೆಹರುನ್ನೀಸಾಗೇ ಹೇಳೈತೆ. ಬೇರೆಯೋರ್ನ ನೋಡ್ಕಳ್ಲಿ ಅಂದಿದ್ರಲ್ಲ, ನೋಡ್ಕಂಡೀನಿ."

ಆದರೂ ಗುರುವಾರ ಎಂಟು ಗಂಟೆಗೇ ಎತ್ತಪ್ಪ ದುರ್ಗದ ಆಸ್ಪತ್ರೆಯ ಬಾಗಿಲಲ್ಲಿದ್ದ. ರೇಡಿಯೋ ಮನೆಯಲ್ಲಿ ಬಿಟ್ಟು ಬಂದಿದ್ದ. ಅಭ್ಯಾಸ ಬಿಡದೆ ಲಾಗ್ ಪುಸ್ತಕ ಮಾತ್ರ ಕಂಕುಳಲ್ಲಿತ್ತು. ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು ಎಂದು ಕಾವಲಿನವನು ಕೈ ಅಡ್ಡ ಹಿಡಿದ. ಆಸ್ಪತ್ರೆಯ ಚೀಟಿಯಲ್ಲಿ ಮೆಹರುನ್ನೀಸಾಳ ಹೆಸರಿತ್ತು. ಎತ್ತಪ್ಪ ಚಪ್ಪಲಿ ಬಿಡುವ ಜಾಗದ ಬೆಂಚಿನ ಮೇಲೆ ನಾಲ್ಕು ಗಂಟೆ ಕಾಲ ಕೂತ. ಆ ನಾಲ್ಕು ಗಂಟೆಯಲ್ಲಿ ಅವನನ್ನು ಮಾತಾಡಿಸಿದವರು ಒಬ್ಬರೇ, ಕಾಲು ಎತ್ತಿ ಕೂತ್ಕಳ್ರಿ ಎಂದ ಕಸ ಗುಡಿಸುವ ಹೆಂಗಸು.

ಮಧ್ಯಾಹ್ನ ಎಡಗಣ್ಣಿಗೆ ಪಟ್ಟಿ ಕಟ್ಟಿದ ಮಮತಾಳನ್ನು ಹೊರಗೆ ಕರೆತಂದು ಕೂರಿಸಿದರು. ನರ್ಸು ಔಷಧಿಯ ವಿವರವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೆಹರುನ್ನೀಸಾ "ಇನ್ನೊಂದ್ಸಲ ಹೇಳ್ರಿ ಸಿಸ್ಟರ್, ತಲೆಗೆ ಹೋಗ್ಲಿಲ್ಲ" ಅನ್ನುವಷ್ಟರಲ್ಲಿ ಬೆಂಚಿನ ಕಡೆಯಿಂದ ಎತ್ತಪ್ಪ ಎದ್ದು ಬಂದ. ಬೆನ್ನು ತಾನೇ ನೆಟ್ಟಗಾಗಿತ್ತು.

"ಬಿಳಿ ಮುಚ್ಚಳದ್ದು ದಿನಕ್ಕೆ ಆರು ಸಲ, ಒಂದೊಂದೇ ಹನಿ. ಕೆಂಪು ಮುಚ್ಚಳದ್ದು ಮೂರು ಸಲ. ಎರಡರ ನಡುವೆ ಹತ್ತು ನಿಮಿಷ ಬಿಡಬೇಕು. ಹತ್ತು ದಿನ ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಒಲೆ ಮುಂದೆ ಹೋಗಬಾರದು. ಸರಿಯಾ ಸಿಸ್ಟರ್?"

"ಅಬ್ಬಾ!" ನರ್ಸು ಕಣ್ಣರಳಿಸಿದಳು. "ಒಂದೇ ಸಲಕ್ಕೆ ಇಷ್ಟು ಸರಿಯಾಗಿ ಕೇಳಿಸ್ಕಂಡೋರ್ನ ನಾನು ನೋಡೇ ಇಲ್ಲ. ನೀವು ಪೇಷೆಂಟ್‌ಗೆ ಏನಾಗ್ಬೇಕ್ರಿ?"

ಎತ್ತಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮಮತಾ ಮೆಹರುನ್ನೀಸಾಳ ತೋಳು ಹಿಡಿದು ಎದ್ದಳು.

"ಏನೂ ಆಗ್ಬೇಕಿಲ್ಲ ಸಿಸ್ಟರ್. ಅವ್ರು ವಾಲಂಟಿಯರು."

"ಹೌದಾ! ಹಂಗಾದ್ರೆ ಪುಣ್ಯ ಬರ್ತೈತೆ, ಇಲ್ಲಿ ಇನ್ನೂ ಒಂಬತ್ತು ಜನ ಅವ್ರೆ, ಎಲ್ಲಾರಿಗೂ ಒಂದೊಂದ್ಸಲ ಹೇಳ್ಬಿಡ್ರಿ. ನನ್ನ ಗಂಟಲು ಬಿದ್ದೋಗೈತೆ," ಎಂದು ನರ್ಸು ಅವನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ಇಷ್ಟು ಹೊತ್ತು ಕೈ ಅಡ್ಡ ಹಿಡಿದಿದ್ದ ಕಾವಲಿನವನು ಈಗ ಸಲಾಮು ಹೊಡೆದ.

ಎತ್ತಪ್ಪ ಒಬ್ಬೊಬ್ಬರಿಗೂ ಹೇಳುತ್ತಾ ಹೋದ. ನಾಲ್ಕನೆಯವರಿಗೆ ಹೇಳುವಾಗ ಹೊರಗೆ ಆಟೋ ಶುರುವಾದ ಸದ್ದು ಕೇಳಿಸಿತು, ಬಸ್ ಸ್ಟ್ಯಾಂಡಿನ ಕಡೆ ತಿರುಗಿದ್ದೂ ಕೇಳಿಸಿತು. ಕೇಳಿಸಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲವಲ್ಲ. ಒಂಬತ್ತನೆಯವನು ತಾಳ್ಯದ ಕಡೆಯ ಒಬ್ಬ ಅಜ್ಜ. ಎತ್ತಪ್ಪ ಬಿಳಿ ಮುಚ್ಚಳ, ಕೆಂಪು ಮುಚ್ಚಳ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿ, "ಅಜ್ಜ, ಕೇಳುಸ್ತೇನು?" ಅಂದ.

ಅಜ್ಜ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಹೆಬ್ಬೆರಳು ಎತ್ತಿ, "ಹೂಂ" ಅಂದ.