‘ಎಂತ’ ಎಂಬ ನಕ್ಷತ್ರಮಂಡಲದ ಹೆಸರನ್ನು ಉಳಿಸಿಕೊಳ್ಳುವ ಬಗ್ಗೆ

ಸಂಖ್ಯೆ: ನೀಹಾ/ಕಾಪು/ಎಂತ/03
ಕಚೇರಿ: ಶಾಹುಲ್ ಹಮೀದ್ ಅವರ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆ, ಕಾಪು
ದಿನಾಂಕ: ಭಾನುವಾರ, ಊಟದ ನಂತರ

ವಿಷಯ: ಬಾಹ್ಯಾಕಾಶ ಆಟದ ದೂರದ ನೀಹಾರಿಕೆಯಲ್ಲಿ ಮಟ್ಟುವಿನ ಕುಮಾರಿ ನವ್ಯಶ್ರೀ ಅವರು ಪತ್ತೆ ಮಾಡಿದ ನಕ್ಷತ್ರಮಂಡಲ.
ಉಲ್ಲೇಖ: ಬೆಳ್ಮಣ್ಣಿನ ಶ್ರೀ ಲಿಯೋನೆಲ್ ಅವರ ಮೌಖಿಕ ಆಕ್ಷೇಪಣೆ (ಜೋರು ಧ್ವನಿಯಲ್ಲಿ).

ಈ ನೀಹಾರಿಕೆ ಇಲಾಖೆಯಲ್ಲಿ ನವ್ಯಶ್ರೀ, ಲಿಯೋನೆಲ್ ಮತ್ತು ಕೆಳಗೆ ಸಹಿ ಮಾಡಿದವರು ಎಂಬ ಮೂವರು ಆಟಗಾರರಿದ್ದು, ಒಬ್ಬೊಬ್ಬರ ಮನೆಮಾತು ಒಂದೊಂದಾದ್ದರಿಂದ ಆಟದ ನಡುವಿನ ಮಾತು ಕನ್ನಡವಾಗಿರುತ್ತದೆ. ನವ್ಯಶ್ರೀ ಅವರು ಮೈಕಿನಲ್ಲಿ ಮಾತನಾಡುವವರಲ್ಲ; ನೋಡುವವರು. ಕಳೆದ ವಾರ ಉಳಿದಿಬ್ಬರು ಕೆಂಪು ಮೋಡವೊಂದನ್ನು “ಬರೀ ಹೊಗೆ ಮಾರಾಯ” ಎಂದು ದಾಟಿಹೋದಾಗ, ಹೊಗೆಯೊಳಗೆ ಏನೋ ಮಿನುಗಿದ್ದನ್ನು ಕಂಡು ಇವರು ನೌಕೆ ನಿಲ್ಲಿಸಿದರು. ಒಳಗೆ ಎರಡು ಸೂರ್ಯ, ಗುಳ್ಳ ಬದನೆಯಂತೆ ಬಿಳಿ ಗೀರಿನ ಒಂದು ಹಸಿರು ಗ್ರಹ. ಮೊದಲು ಕಂಡವರು ಹೆಸರಿಡಬೇಕೆಂದು ಆಟವು ಖಾಲಿ ಚೌಕ ತೆರೆಯಿತು. ಏನು ಹೆಸರಿಡುವುದೆಂದು ಗೆಳೆಯರನ್ನು ಕೇಳಲು ಇವರು ಗಾಬರಿಯಲ್ಲಿ, ನಮ್ಮ ಕಡೆಯ ಮಾತಿನಂತೆ, “ಎಂತ” ಎಂದು ಟೈಪ್ ಮಾಡಿದರು. ಅದು ಚಾಟಿಗೆ ಹೋಗದೆ ಚೌಕಕ್ಕೆ ಹೋಯಿತು.

ಇಟ್ಟ ಹೆಸರನ್ನು ತಿದ್ದಲು ಬರುವುದಿಲ್ಲ. ಪತ್ತೆಯನ್ನೇ ರದ್ದುಮಾಡಬಹುದು, ಆಗ ಮುಂದೆ ಯಾರು ಕಂಡರೋ ಮಂಡಲ ಅವರದು. “ರದ್ದು ಮಾಡು, ನಾನು ಹೋಗಿ ಒಳ್ಳೆ ಹೆಸರಿಡ್ತೇನೆ” ಎಂದು ಲಿಯೋನೆಲ್ ಅವರು ಇಂಧನ ತುಂಬಿಸಿ ಕಾದಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಆದೇಶಿಸಲಾಗಿದೆ:

1. “ಎಲ್ಲಿದ್ದೀ?” ಎಂದಾಗ “ಎಂತದಲ್ಲಿ” ಎಂದವರನ್ನು ಕಿವುಡರೆಂದು ಭಾವಿಸತಕ್ಕದ್ದಲ್ಲ.

2. “ಎಂತ ಉಂಟು?” ಎಂಬುದು ಪ್ರಶ್ನೆ. “ಎಂತ ಉಂಟು” ಎಂಬುದು ಖಗೋಳ ಸತ್ಯ. ವ್ಯತ್ಯಾಸ ತಿಳಿಯಲು ಪ್ರಶ್ನಿಸುವವರು ಹುಬ್ಬು ಏರಿಸತಕ್ಕದ್ದು. ಮೈಕಿನಲ್ಲಿ ಹುಬ್ಬು ಕಾಣದ ಕಾರಣ, ಏರಿಸಿದ್ದಾಗಿ ಬಾಯಲ್ಲಿ ಹೇಳತಕ್ಕದ್ದು.

3. “ಎಂತ ಇಲ್ಲ” ಎಂದು ಹೇಳುವುದನ್ನು ನಿಷೇಧಿಸಲಾಗಿದೆ. ಇದೆ.

4. ಹಸಿರು ಗ್ರಹದ ಚಂದ್ರನಿಗೆ ‘ಮಾರಾಯ’ ಎಂದು ಹೆಸರಿಡಲಾಗಿದೆ. “ಎಂತ ಮಾರಾಯ” ಎಂಬುದು ಇನ್ನು ಮುಂದೆ ವಿಳಾಸ.

5. ‘ಎಂತ’ಕ್ಕೆ ತುಳುವಿನಲ್ಲಿ ‘ದಾದ’ ಎಂದರೆ ಅದು ಬೇರೆ ಮಂಡಲ. ಇನ್ನೂ ಪತ್ತೆಯಾಗಿಲ್ಲ.

6. ರದ್ದತಿಯ ಬಗ್ಗೆ ವಿಚಾರಿಸಲಾಗಿ, ನವ್ಯಶ್ರೀ ಅವರು ಮೊದಲ ಬಾರಿಗೆ ಮೈಕ್ ಹಾಕಿ, “ಹೆಸರು ನಗುವಂಥದ್ದೇ. ಆದರೆ ಕಂಡದ್ದು ನಾನು. ರದ್ದು ಮಾಡುವುದಿಲ್ಲ” ಎಂದಿರುತ್ತಾರೆ. ಲಿಯೋನೆಲ್ ಅವರು “ಅಯ್ಯೋ, ನಿಂಗೆ ಮಾತಾಡ್ಲಿಕ್ಕೆ ಬರ್ತದಾ!” ಎಂದಿರುತ್ತಾರೆ. ಇದನ್ನು ಆಕ್ಷೇಪಣೆ ಹಿಂಪಡೆದಂತೆ ಪರಿಗಣಿಸಲಾಗಿದೆ.

7. ಮೋಡದೊಳಗಿನ ದಾರಿ ನವ್ಯಶ್ರೀ ಅವರಿಗೆ ಮಾತ್ರ ಗೊತ್ತಿರುವುದರಿಂದ ಇಂದಿನ ಯಾನದಲ್ಲಿ ಅವರ ನೌಕೆ ಮುಂದೆ. ಲಿಯೋನೆಲ್ ಅವರದು ಹಿಂದೆ, ಹಾರ್ನ್ ಹಾಕದೆ.

ಸಹಿ/-
(ಶಾಹುಲ್ ಹಮೀದ್)
ಪ್ರಭಾರ ನಿರ್ದೇಶಕರು
(ಚಾರ್ಜರ್ ಇವರದಾದ್ದರಿಂದ)

ಪ್ರತಿಗಳು:
ಶ್ರೀ ಲಿಯೋನೆಲ್ ಅವರಿಗೆ: ಓದುವುದಿಲ್ಲವಾದ್ದರಿಂದ ಓದಿ ಹೇಳಲಾಗುವುದು.
ಆಟದ ಕಂಪನಿಗೆ: ಕನ್ನಡ ಬಾರದ ಕಾರಣ ಕಳುಹಿಸಿಲ್ಲ.
ನವ್ಯಶ್ರೀ ಅವರ ತಾಯಿ ಶ್ರೀಮತಿ ಸರಸ ಅವರಿಗೆ: ತಾವು ತುಳುವಿನಲ್ಲಿ ಬೈದದ್ದರ ಕನ್ನಡ ರೂಪ, “ಅಷ್ಟು ಹೊತ್ತು ಫೋನಿನಲ್ಲಿ ಎಂತ ನೋಡ್ತೀ?” ಎಂಬುದಕ್ಕೆ ಇಲಾಖೆಯ ಉತ್ತರ: ಹೌದು. ಮೊದಲು ನೋಡಿದವರು ತಮ್ಮ ಮಗಳೇ.