ಛತ್ರದ ತಾರಸಿ, ಎರಡನೇ ಪಂಕ್ತಿ

ಹಳೇ ಕಟ್ಟಡ ರಿಪೇರಿ ಮಾಡುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಏಣಿ ಇಡುವ ಹೊತ್ತಿಗೆ ಅದು ಮೊದಲೇ ಹತ್ತಿ ಕೂತಿರುತ್ತದೆ. ಹೊಸ ಕಟ್ಟಡದ ಹತ್ತಿರ ಸಿಮೆಂಟಿನವನು ಬರುತ್ತಾನೆ, ಕಬ್ಬಿಣದವನು ಬರುತ್ತಾನೆ, ಅಷ್ಟೆ. ಹಳೇ ಕಟ್ಟಡಕ್ಕೆ ಇಡೀ ಬೀದಿಯೇ ಬರುತ್ತದೆ. ಬಂದವರೆಲ್ಲ ನನಗಿಂತ ದೊಡ್ಡ ಇಂಜಿನಿಯರುಗಳು.

ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಇಂಜಿನಿಯರಾಗಿದ್ದವಳು. ಮೈಸೂರಿನ ಪಕ್ಕದ ಹಳ್ಳಿಯ ಒಕ್ಕಲು ಮನೆಯ ಹುಡುಗಿ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಪಾಲಿಗೆ ಬಂದದ್ದು ಮೈಸೂರಿನದೇ ಲಷ್ಕರ್ ಮೊಹಲ್ಲಾದ ಒಂದು ಹಳೇ ಛತ್ರ. ಮಹಾರಾಜರ ಕಾಲದ್ದು. ಗಾರೆ ಗೋಡೆ, ಕಲ್ಲಿನ ಕಂಬ, ಮರದ ತೊಲೆಗಳ ಮೇಲೆ ನಿಂತ ತಾರಸಿ. ಬಡಬಗ್ಗರ ಮದುವೆ, ನಾಮಕರಣ ಎಲ್ಲ ಅಲ್ಲೇ ಆಗುತ್ತಿದ್ದವು.

ಅದರ ಹಿಂಭಾಗದ ಎರಡು ಕೋಣೆಯಲ್ಲಿ ಛತ್ರ ನೋಡಿಕೊಳ್ಳುವ ಅಮ್ಮ ಇದ್ದರು. ಮಠದ ಕಡೆಯ ಶೈವ ಮನೆತನ, ಹಣೆ ತುಂಬ ವಿಭೂತಿ. ಯಜಮಾನರು ಹೋದ ಮೇಲೆ ಅವರದೇ ಪಾರುಪತ್ಯ. ಬೀದಿಯವರೆಲ್ಲ ಅವರನ್ನು ಛತ್ರದಮ್ಮ ಅನ್ನುತ್ತಿದ್ದರು. ನಮ್ಮ ಸಾಹೇಬರಿಗೆ ಮಾತ್ರ ಛತ್ರವೂ ಬೇಡ, ಅಮ್ಮನೂ ಬೇಡ. "ಕೆಡವಿ ಒಂದು ಕಾಂಪ್ಲೆಕ್ಸ್ ಎಬ್ಬಿಸಿದ್ರೆ ಎಲ್ಲರಿಗೂ ನೆಮ್ಮದಿ ಮೇಡಂ" ಅನ್ನುತ್ತಿದ್ದರು. ಕೊನೆಗೆ ಒಂದು ತೀರ್ಮಾನವಾಯಿತು. ನಾನು ರಿಪೇರಿ ಮಾಡಿಸಬೇಕು, ಹಳೇ ಕಟ್ಟಡಗಳ ಬಗ್ಗೆ ಸರ್ಕಾರ ಮಾಡಿದ್ದ ಸಮಿತಿಯವರು ಬಂದು ನೋಡಬೇಕು. ತಾರಸಿ ಗಟ್ಟಿ ಅಂದರೆ ಛತ್ರ ಉಳಿಯುತ್ತದೆ; ಇಲ್ಲವೆಂದರೆ ಕಟ್ಟಡ ನೆಲಕ್ಕೆ, ಅಮ್ಮ ಬೀದಿಗೆ.

ಅಪಾಯದ ಬೋರ್ಡು

ಮೊದಲ ಕೆಲಸವೆಂದು ಸಾಹೇಬರು ಬಾಗಿಲಿಗೆ ಬೋರ್ಡು ಹಾಕಿಸಿದರು. "ಕಟ್ಟಡ ಅಪಾಯದಲ್ಲಿದೆ, ಯಾರೂ ಒಳಗೆ ಬರಬಾರದು." ಅಲ್ಲಿಯವರೆಗೆ ಆ ಬಾಗಿಲಿನ ಕಡೆ ತಿರುಗಿಯೂ ನೋಡದವರೆಲ್ಲ ಅವತ್ತಿನಿಂದ ಒಳಗೆ ಬರತೊಡಗಿದರು. ಎಲ್ಲಿ ಅಪಾಯ, ಎಷ್ಟು ಅಪಾಯ ಅಂತ ನೋಡಬೇಕಲ್ಲ. ಒಬ್ಬರು ಕಂಬವನ್ನು ಅಲ್ಲಾಡಿಸಿ ನೋಡಿದರು. ಇನ್ನೊಬ್ಬರು ಮೊಮ್ಮಗಳನ್ನು ಕರೆತಂದು, "ನೋಡ್ಕೋ ಕಂದಾ, ಆಮೇಲೆ ಇರಲ್ಲ" ಅಂತ ತೋರಿಸಿದರು.

ನಾನು ಬಾಗಿಲಲ್ಲೇ ನಿಂತು ಗದರುತ್ತಿದ್ದೆ. ಆಗ ದೂರದ ಊರಿನವರೊಬ್ಬರು ಮಗಳ ಮದುವೆಗೆ ಛತ್ರ ಕೇಳಲು ಬಂದರು. ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು. ಓದಿಯಾದ ಮೇಲೆ ಒಳಗೆ ಹೋಗಿ ಅಡುಗೆಮನೆ, ಬಚ್ಚಲು ಎಲ್ಲ ನೋಡಿಕೊಂಡು ಬಂದರು.

"ಓದಿದ್ರಲ್ಲ, ಅಪಾಯ ಅಂತ ಬರೆದಿದೆ" ಅಂದೆ.

"ಓದ್ದೆ ಕಣಮ್ಮ" ಅಂದರು ಶಾಂತವಾಗಿ. "ಮದುವೆ ಅಂದ್ಮೇಲೆ ಅದೆಲ್ಲಾ ಇದ್ದದ್ದೇ. ನೀರು ಸರಿಯಾಗಿ ಬತ್ತದಾ ಹೇಳಿ."

ಕಂಬಕ್ಕೆ ಮೊಸರು

ಹಳೇ ಗಾರೆಗೆ ಸಿಮೆಂಟು ಮೆತ್ತಿದರೆ ಕೂರುವುದಿಲ್ಲ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಎಲ್ಲ ಸೇರಿಸಿ ಅರೆಯಬೇಕು. ನಮ್ಮ ಮೇಸ್ತ್ರಿ ಇದರಲ್ಲಿ ಪಳಗಿದವನು. ಬೆಲ್ಲ ಬಂದ ದಿನ ಬೀದಿಯ ಇರುವೆಗಳೆಲ್ಲ ಬಂದವು, ಅದು ಬೇರೆ ವಿಷಯ. ಮಂಟಪದ ಎರಡು ಗಾರೆ ಕಂಬಗಳಿಗೆ ಕೊನೆಯ ನುಣುಪು ಕೊಡುವ ದಿನ ಅವನು ತಲೆ ಕೆರೆದುಕೊಳ್ಳುತ್ತಾ, "ಇದಕ್ಕೆ ಮೊಟ್ಟೆ ಬಿಳಿ ಬೇಕು ಮೇಡಂ" ಅಂದ.

ಛತ್ರದಮ್ಮ ಅಲ್ಲೇ ಇದ್ದರು. ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟರು.

"ಸ್ವಾಮಿಗಳ ಪಾದಪೂಜೆ ಆಗೋ ಮಂಟಪ ಇದು. ಇದಕ್ಕೆ ಮೊಟ್ಟೆ ಬಳೀತೀಯಾ?"

"ಕಟ್ಟಿದಾಗ್ಲೂ ಅದ್ನೇ ಬಳ್ದಿರೋದು ಕಣವ್ವ. ಅದ್ಕೇ ಇಂಗೆ ಹೊಳೀತಾದೆ."

ದಿನಾ ಸಂಜೆ ಅದೇ ಕಂಬಕ್ಕೆ ಒರಗಿ ಕೂತು ಹೂ ಕಟ್ಟುತ್ತಿದ್ದವರು ಅಮ್ಮ. ಸೀದಾ ಹೋಗಿ ಸ್ನಾನ ಮಾಡಿ ಬಂದರು. ಬಂದವರೇ ತೀರ್ಪು ಕೊಟ್ಟರು: "ಹಿಂದೆ ಆಗಿದ್ದು ಆಗೋಯ್ತು. ನಾನಿರೋವರೆಗೂ ಮೊಟ್ಟೆ ಬೇಡ. ಮೊಸರು ಹಾಕಿ."

ಮೊಸರೂ ನಡೆಯುತ್ತದೆ ಅಂತ ಮೇಸ್ತ್ರಿ ಒಪ್ಪಿಕೊಂಡ. ಅಮ್ಮ ದಿನಾ ಗಡಿಗೆ ತುಂಬ ಗಟ್ಟಿ ಮೊಸರು ಕಳಿಸತೊಡಗಿದರು. ಗಡಿಗೆ ದಿನಾ ಖಾಲಿಯಾಗುತ್ತಿತ್ತು. ಕಂಬ ಮಾತ್ರ ಇದ್ದ ಹಾಗೇ ಇತ್ತು. ನಾನು ಕೇಳಿದರೆ, "ಕುಡೀತಾ ಇದೆ ಮೇಡಂ, ಹಳೇ ಕಂಬ" ಅನ್ನುತ್ತಿದ್ದ.

ವಾರ ಕಳೆಯುವುದರೊಳಗೆ ಅವನೇ ಅಮ್ಮನ ಅಡುಗೆಮನೆ ಬಾಗಿಲಿಗೆ ಹೋಗಿ ದೂರು ಹೇಳಿದ. "ಅವ್ವಾರೆ, ನಿನ್ನೆದು ಸಿಕ್ಕಾಪಟ್ಟೆ ಹುಳಿಯಾಗ್ಬುಟ್ಟಿತ್ತು. ಮುದ್ದೆಗೆ ಹೊಂದ್ಲೇ ಇಲ್ಲ."

ಗಾಣದ ಎತ್ತು

ಗಾರೆ ಅರೆಯಲು ಹಿತ್ತಲಿನಲ್ಲಿ ಗಾಣ ಹಾಕಿಸಿದ್ದೆವು. ಗುಂಡನೆಯ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಚಕ್ರ, ಎಳೆಯಲು ಎತ್ತು. ಎತ್ತಿನವನು ಮೇಟಗಳ್ಳಿಯ ಕಡೆಯಿಂದ ಬರುತ್ತಿದ್ದ. ಒಂದು ದಿನ ಎತ್ತಿನ ಕಾಲು ಉಳುಕಿತು. ಅರೆದ ಗಾರೆ ಇಲ್ಲದೆ ತಾರಸಿ ಕೆಲಸ ನಿಂತಿತು. ಸಮಿತಿ ಬರುವ ದಿನ ಹತ್ತಿರ ಬರುತ್ತಿತ್ತು. ಛತ್ರದಮ್ಮ ಎತ್ತಿನ ಮುಂದೆ ಕೂತು ಅದರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ನನಗೆ ನೋಡಿ ಅಯ್ಯೋ ಅನಿಸಿತು.

ಆ ಹೊತ್ತಿಗೆ ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಒಬ್ಬ ಬಿಳಿಯ ಮನುಷ್ಯ ಕ್ಯಾಮೆರಾ ಹಿಡಿದು ಬಂದ. ಗಾಣದ ಸುತ್ತ ಒಂದು ಸುತ್ತು ಬಂದ. ಆಮೇಲೆ ಕ್ಯಾಮೆರಾ ಬದಿಗಿಟ್ಟು ನೊಗದ ಮರಕ್ಕೆ ಕೈಹಚ್ಚಿ ತಳ್ಳಲು ಶುರುಮಾಡಿದ. ತಳ್ಳುತ್ತಾ ಕಣ್ಣು ಮುಚ್ಚಿಕೊಂಡ. ಮೇಸ್ತ್ರಿ ಗಾಬರಿಯಾಗಿ, "ಮೇಡಂ, ಇವರಿಗೆ ಏನೋ ಆಗ್ಬುಟ್ಟದೆ" ಅಂದ. ನಾನು ವಿಚಾರಿಸಿದೆ. ಹೀಗೆ ಸುತ್ತುತ್ತಿದ್ದರೆ ಮನಸ್ಸು ನಿಲ್ಲುತ್ತದಂತೆ, ಇಷ್ಟು ದಿನ ಹುಡುಕುತ್ತಿದ್ದದ್ದು ಇದೇ ಅಂತೆ.

ಮಾರನೇ ದಿನ ಅವನ ಸ್ನೇಹಿತರೂ ಬಂದರು. ಬೆಳಗಿನ ತಂಪಿನಲ್ಲಿ ಸಾಲಾಗಿ ನಿಂತು, ಪಾಳಿ ಕಟ್ಟಿಕೊಂಡು ಗಾಣ ತಳ್ಳಿದರು. ಅಂಥ ನುಣ್ಣನೆ ಗಾರೆಯನ್ನು ಮೇಸ್ತ್ರಿ ಜನ್ಮದಲ್ಲಿ ಕಂಡಿರಲಿಲ್ಲ. ಛತ್ರದಮ್ಮ ಅವರಿಗೆಲ್ಲ ಪಾನಕ ಕೊಟ್ಟರು. ಒಬ್ಬಳು ಹುಡುಗಿ ಹೋಗುವಾಗ ಗಾಣಕ್ಕೆ ನಮಸ್ಕಾರವನ್ನೂ ಮಾಡಿ ಹೋದಳು.

ತಾರಸಿ ಕೆಲಸ ಭರದಿಂದ ಸಾಗಿತು. ಎತ್ತಿನ ಕಾಲು ಸರಿಹೋದ ಮೇಲೆ ಎತ್ತಿನವನು ಬಂದು ನೋಡಿದ. ಅವನ ಜಾಗದಲ್ಲಿ ಫಾರಿನ್ನಿನವರು ಕಣ್ಣು ಮುಚ್ಚಿಕೊಂಡು ಸುತ್ತುತ್ತಿದ್ದರು. ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದ.

"ಇನ್ನು ನಮ್ಮನ್ನ ಕರೆಯಲ್ಲ ಬುಡಿ ಮೇಡಂ."

"ಯಾಕಪ್ಪಾ, ನಾಳೆಯಿಂದ ನೀನೇ ಬಾ" ಅಂದೆ.

"ಎಂಗೆ ಬರ್ಲಿ? ನನ್ನೆತ್ತಿಗೆ ನಾನು ಹುಲ್ಲು ಹಾಕ್ಬೇಕು. ಇವಕ್ಕೆ ಬಾಳೆಹಣ್ಣು ಇವೇ ತಂದ್ಕೋತವೆ."

ಗೋಡೆಯ ಬಣ್ಣ

ಗೋಡೆಗೆ ಮೊದಲು ಯಾವ ಬಣ್ಣವಿತ್ತೋ ಅದನ್ನೇ ಬಳಿಯಬೇಕೆಂದು ಸಮಿತಿಯವರ ಅಪ್ಪಣೆ. ಕೆರೆದು ನೋಡಿದೆವು. ಹಳದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು, ಅದರ ಕೆಳಗೆ ಮತ್ತೆ ಹಳದಿ. ಸುದ್ದಿ ಹಬ್ಬಿದ್ದೇ ತಡ, ಆ ಛತ್ರದಲ್ಲಿ ಮದುವೆಯಾಗಿದ್ದವರೆಲ್ಲ ಸಾಕ್ಷಿ ಹೇಳಲು ಬಂದರು. ತಮ್ಮ ಮದುವೆಯಲ್ಲಿದ್ದ ಬಣ್ಣವೇ ಅಸಲಿ ಬಣ್ಣ ಅಂತ ಪ್ರತಿಯೊಬ್ಬರ ವಾದ.

ಪಕ್ಕದ ಬೀದಿಯ ವಯಸ್ಸಾದ ಗಂಡಹೆಂಡತಿ ಇಬ್ಬರೂ ಬಂದರು. ಯಜಮಾನರು ಕೋಲೂರಿ ನಿಂತು, "ನೀಲಿ. ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ" ಅಂದರು.

"ಹಳದಿ" ಅಂದರು ಹೆಂಡತಿ.

"ನಿನಗೇನು ಗೊತ್ತು, ನೀನು ತಲೆ ಬಗ್ಗಿಸಿಕೊಂಡು ಕೂತಿದ್ದೆ. ನಾನು ಎಲ್ಲಾ ನೋಡಿದ್ದೀನಿ."

"ಹೌದಾ. ಗೋಡೆ ಹಾಳಾಗ್ಹೋಗ್ಲಿ. ಧಾರೆಗೆ ನಾನು ಉಟ್ಟಿದ್ದ ಸೀರೆ ಯಾವ ಬಣ್ಣ, ಹೇಳ್ರಿ ನೋಡೋಣ."

ಯಜಮಾನರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹಳದೀನೇ ಬಳಿಸಿಬಿಡಿ ಮೇಡಂ" ಅಂದರು.

ಭಾರದ ಪರೀಕ್ಷೆ

ತಾರಸಿ ಗಟ್ಟಿಯೋ ಅಲ್ಲವೋ ಅಂತ ತೀರ್ಮಾನಿಸಲು ಒಂದು ವಿಧಾನವಿದೆ. ಮರಳಿನ ಮೂಟೆಗಳನ್ನು ತಾರಸಿ ತುಂಬ ಹೇರಬೇಕು. ಕೆಳಗೆ ತೊಲೆಗಳ ಹತ್ತಿರ, ಹಳೇ ಬಿರುಕುಗಳಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಬೇಕು. ಕಟ್ಟಡ ಒಂದು ಚೂರು ಮಿಸುಕಿದರೂ ಗಾಜು ಒಡೆಯುತ್ತದೆ. ಇದು ಸಮಿತಿಯವರ ಎದುರಿಗೇ ಆಗಬೇಕಿತ್ತು. ಗುರುವಾರ ಬರಬೇಕಿದ್ದ ಸಮಿತಿ, ಅದರ ಹಿರಿಯ ಸದಸ್ಯರಿಗೆ ನೆಗಡಿಯಾಗಿ ಭಾನುವಾರಕ್ಕೆ ಹೋಯಿತು. ಭಾನುವಾರ ಛತ್ರದಮ್ಮ ಒಂದು ಮದುವೆಗೆ ಮಾತು ಕೊಟ್ಟಿದ್ದರು.

"ಅಮ್ಮಾ, ನಿಮ್ಮ ಮನೆ ಉಳಿಯೋದು ಬಿಡೋದು ಅವತ್ತೇ ಗೊತ್ತಾಗೋದು" ಅಂತ ಕೂಗಾಡಿದೆ.

"ಮುಹೂರ್ತಕ್ಕೆ ನೆಗಡಿ ಆಗಲ್ವಲ್ಲ ತಾಯಿ" ಅಂದರು. "ಮದುವೆ ಮಂಟಪದಲ್ಲಿ, ಊಟ ಹಿತ್ತಲಲ್ಲಿ. ನಿಮ್ಮ ತಾರಸಿ ಸುದ್ದಿಗೆ ಯಾರೂ ಬರಲ್ಲ."

ಭಾನುವಾರ ಬೆಳಿಗ್ಗೆ ಮರಳಿನ ಲಾರಿ ಬರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾನು ಫೋನು ಮಾಡಲು ಹೊರಗೆ ಹೋಗಿ ಬರುವುದರೊಳಗೆ ಹಿತ್ತಲಿನ ಗಾರೆ ರಾಶಿ, ಗಾಣ, ಸುಣ್ಣದ ಗುಂಡಿ ನೋಡಿದ ಅಡುಗೆಯವರು ಇಲ್ಲಿ ಎಲೆ ಹಾಕುವುದು ಸಾಧ್ಯವೇ ಇಲ್ಲ ಅಂದಿದ್ದರು. ಛತ್ರದಮ್ಮ ಒಂದೇ ಮಾತಿನಲ್ಲಿ ಪಂಕ್ತಿಯನ್ನು ಮೇಲಕ್ಕೆ ಕಳಿಸಿಬಿಟ್ಟಿದ್ದರು. ನಾನು ಬಂದು ನೋಡಿದರೆ ತಾರಸಿಯ ತುಂಬ ಜನ. ಬಡಿಸುವವರು ಆಚೆಯಿಂದ ಈಚೆಗೆ ದಡದಡ ಓಡಾಡುತ್ತಿದ್ದರು.

ಮರಳಿನ ಮೂಟೆಗೆ ಹೋಲಿಸಿದರೆ ಈ ಭಾರ ಹೆಚ್ಚೂ ಅಲ್ಲ, ತೀರಾ ಕಡಿಮೆಯೂ ಅಲ್ಲ, ಲೆಕ್ಕ ನನಗೆ ಗೊತ್ತಿತ್ತು. ಆದರೂ ಓಡಿಹೋಗಿ ತೊಲೆಯ ಕೆಳಗೆ, ಹಿಂದಿನ ದಿನವೇ ಅಂಟಿಸಿಟ್ಟಿದ್ದ ಗಾಜಿನ ಪಟ್ಟಿ ನೋಡುತ್ತಾ ನಿಂತೆ. ಅಷ್ಟರಲ್ಲಿ ಸಮಿತಿಯವರ ಜೊತೆ ಸಾಹೇಬರೂ ಬಂದರು.

"ಯಾರ್ರೀ ಇವರನ್ನೆಲ್ಲಾ ಹತ್ತಿಸಿದ್ದು?" ಅಂತ ಸಾಹೇಬರು ಅಂಗಳದಲ್ಲೇ ನಿಂತರು. "ಬೀಳೋ ಕಟ್ಟಡ ಇದು. ಮೊದಲು ಇಳಿಸಿ ಎಲ್ಲರನ್ನೂ."

ಮೇಲಿನ ಕಟಕಟೆಯಿಂದ ರೇಷ್ಮೆ ಸೀರೆಯ ಹೆಂಗಸೊಬ್ಬರು ಬಗ್ಗಿ ನೋಡಿದರು.

"ರೀ, ನೀವೂ ಇಲ್ಲಿಗೇ ಬಂದ್ರಾ? ಮದುವೆಗೆ ನೀನೊಬ್ಳೇ ಹೋಗು, ನನಗೆ ಇನ್ಸ್ಪೆಕ್ಷನ್ ಇದೆ ಅಂದ್ರಲ್ಲ."

ಸಾಹೇಬರ ಹೆಂಡತಿ. ಗಂಡಿನ ಕಡೆಯವರು ಅವರಿಗೆ ಬೇಕಾದವರಂತೆ. ಸಾಹೇಬರು ಲಗ್ನಪತ್ರಿಕೆ ನೋಡಿದ್ದರು, ಛತ್ರ ಯಾವುದು ಅಂತ ಓದಿರಲಿಲ್ಲ.

"ಮೊದಲು ಕೆಳಗೆ ಬಾ ನೀನು" ಅಂದರು ಸಾಹೇಬರು.

"ಒಬ್ಬಟ್ಟು ಬರ್ತಾ ಇದೆ ಕಣ್ರೀ. ನೀವೇ ಮೇಲೆ ಬನ್ನಿ. ಎರಡನೇ ಪಂಕ್ತಿಗೆ ಎಲೆ ಹಾಕ್ತಾರೆ, ನಿಮಗೆ ಜಾಗ ಹಿಡಿದಿರ್ತೀನಿ."

ಸಮಿತಿಯ ಹಿರಿಯರು ಮೂಗು ಒರೆಸಿಕೊಳ್ಳುತ್ತಾ, "ಯಾರವರು?" ಅಂತ ಕೇಳಿದರು.

"ನಮ್ಮ ಮನೆಯವರು ಸರ್."

"ನಿಮ್ಮ ಮನೆಯವರನ್ನೇ ಕೂರಿಸಿದ್ದೀರಿ ಅಂದಮೇಲೆ ನಮಗೇನ್ರೀ ಭಯ" ಅಂತ ಹಿರಿಯರು ಮೆಟ್ಟಿಲು ಹತ್ತಿದರು. ಸಮಿತಿಯೆಲ್ಲಾ ಹತ್ತಿತು. ಸಾಹೇಬರು ಅಂಗಳದಲ್ಲಿ ಒಬ್ಬರೇ ಉಳಿದರು. ಮೇಲಿನಿಂದ ಮತ್ತೊಂದು ಸಲ "ರೀ" ಅಂತ ಕೇಳಿಸಿತು. ಅವರೂ ಹತ್ತಿದರು.

ಕೆಳಗೆ ನಾನೂ ಛತ್ರದಮ್ಮನೂ ಗಾಜಿನ ಪಟ್ಟಿಯನ್ನೇ ನೋಡುತ್ತಾ ನಿಂತೆವು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸಾಹೇಬರೂ ಸಮಿತಿಯವರೂ ಕೂತಿದ್ದ ಎರಡನೇ ಪಂಕ್ತಿ ಎದ್ದಿತು. ಗಾಜು ಹಾಗೇ ಇತ್ತು.

ಹಿರಿಯರು ಇಳಿದು ಬಂದು ಕನ್ನಡಕ ಹಾಕಿಕೊಂಡು ಪಟ್ಟಿಗಳನ್ನು ಒಂದೊಂದಾಗಿ ನೋಡಿದರು. "ನನ್ನ ಪ್ರಕಾರ ಛತ್ರ ಉಳೀಬಹುದು, ಅಮ್ಮನೂ ಇಲ್ಲೇ ಇರಬಹುದು. ಆದರೆ ಪರೀಕ್ಷೆ ಆಯ್ತು ಅಂತ ಇಲಾಖೆಯ ಸಾಹೇಬರು ಒಪ್ಪಬೇಕು" ಅಂದರು.

ಎಲ್ಲರೂ ಸಾಹೇಬರ ಮುಖ ನೋಡಿದೆವು. ಸಾಹೇಬರು ಕೈ ಒರೆಸಿಕೊಂಡರು.

"ಪರೀಕ್ಷೆ ಅಂದ್ರೆ ಎಷ್ಟು ಭಾರ ಹಾಕಿದ್ವಿ ಅಂತ ಬರೀಬೇಕಾಗತ್ತೆ ಮೇಡಂ. ಏನಂತ ಬರೀತೀರಿ?"

ನಾನು ಬಾಯಿ ಬಿಡುವ ಮೊದಲೇ ಛತ್ರದಮ್ಮ ತಾಂಬೂಲದ ತಟ್ಟೆ ಹಿಡಿದು ಮುಂದೆ ಬಂದರು. "ಊಟಕ್ಕೆ ಮುಂಚಿನ ಭಾರ ಬರೀಬೇಕಾ ಸ್ವಾಮಿ, ಊಟ ಆದಮೇಲಿನ ಭಾರಾನಾ?"

ಸಾಹೇಬರು ತಾಂಬೂಲ ತೆಗೆದುಕೊಂಡರು. ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಆದಮೇಲಿಂದೇ ಬರೀರಿ ಮೇಡಂ" ಅಂದರು. "ನಾನೂ ಇದ್ದೆನಲ್ಲ ಅದರಲ್ಲಿ."